ಓಡೆಲ್‌ನ ಬಿಟ್ಬಿಡು

ಗಿಲ್ ರಾಸ್ಮುಸೆನ್ ಫೋನಿನಲ್ಲಿ ಹೇಳಿದ್ದು ಇಷ್ಟು: "ಕೋರಿನ್, ಓಡೆಲ್‌ನ ಬಿಟ್ಬಿಡು." ಅವನ ಹಿಂದೆ ವಿಮಾನ ನಿಲ್ದಾಣದ ಗದ್ದಲವಿತ್ತು. ಯಾರೋ ಹೆಂಗಸು ಮೈಕಿನಲ್ಲಿ ಯಾವುದೋ ಊರಿನ ಹೆಸರು ಕೂಗುತ್ತಿದ್ದಳು. ಇನ್ನೂ ಏನಾದರೂ ಹೇಳುತ್ತಾನೆಂದು ಕೋರಿನ್ ಪೆನ್ನು ಹಿಡಿದು ಕಾದಳು. ಫೋನು ಆಗಲೇ ಕಟ್ಟಾಗಿತ್ತು.

ಕೈಗೆ ಸಿಕ್ಕ ಹಾಳೆಯ ಮೂಲೆಯಲ್ಲಿ 'ಓಡೆಲ್, ಬಿಡು' ಎಂದು ಬರೆದುಕೊಂಡಳು. ಕಂಪ್ಯೂಟರಿನಲ್ಲಿ ತಂಡದ ಆಟಗಾರ ಓಡೆಲ್ ಪ್ರೂಯಿಟ್‌ನ ಬಿಡುಗಡೆ ಪತ್ರ ತೆರೆದಳು. ಗಿಲ್‌ನ ಸಹಿ ಮೊದಲೇ ಬಿದ್ದಿತ್ತು. ಬಾಸ್ಕೆಟ್‌ಬಾಲ್ ಲೀಗಿನ ಕಚೇರಿಗೆ ಕಳಿಸುವುದೊಂದೇ ಬಾಕಿ. ಕಳಿಸಲು ಹೊರಟವಳು ಯಾಕೋ ಇನ್ನೊಮ್ಮೆ ಹಾಳೆಯತ್ತ ನೋಡಿದಳು.

ಬಿಡು ಎಂದರೆ ತಂಡದಿಂದ ಬಿಡು ಎಂದೋ? ಅವನ ಪಾಡಿಗೆ ಅವನನ್ನು ಬಿಡು, ಮುಟ್ಟಬೇಡ ಎಂದೋ?

ತಿರುಗಿ ಫೋನ್ ಮಾಡಿದಳು. ಸ್ವಿಚ್ ಆಫ್. ಗಿಲ್ ಪೋರ್ಟ್‌ಲ್ಯಾಂಡ್‌ಗೆ ಹೊರಟಿದ್ದ. ದೇಶದ ಈ ತುದಿಯಿಂದ ಆ ತುದಿಗೆ. ಇಳಿಯುವಷ್ಟರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸಂಜೆ ಐದು ದಾಟಿರುತ್ತದೆ. ಐದು ದಾಟಿದ ಮೇಲೆ ಯಾವ ಅರ್ಥ ತಿಳಿದರೂ ಉಪಯೋಗವಿಲ್ಲ.

ಓಡೆಲ್‌ಗೆ ಮುಂದಿನ ವರ್ಷ ಹನ್ನೊಂದು ಮಿಲಿಯನ್ ಡಾಲರ್ ಸಂಬಳವೆಂದು ಕರಾರಿನಲ್ಲಿದೆ. ಅದರಲ್ಲಿ ಖಾತ್ರಿಯಾದದ್ದು ಒಂದು ಮಿಲಿಯನ್ ಮಾತ್ರ. ಜೂನ್ ಕೊನೆಯ ದಿನ ಸಂಜೆ ಐದರೊಳಗೆ ತಂಡ ಅವನನ್ನು ಬಿಡುಗಡೆ ಮಾಡಿದರೆ ಆ ಒಂದನ್ನು ಕೊಟ್ಟು ಕೈ ತೊಳೆದುಕೊಳ್ಳಬಹುದು. ಮಾಡದಿದ್ದರೆ ಹನ್ನೊಂದೂ ಖಾತ್ರಿ, ಇನ್ನೊಂದು ವರ್ಷ ತಂಡದಲ್ಲಿ ಅವನ ಜಾಗವೂ ಖಾತ್ರಿ. ಇವತ್ತು ಜೂನ್ ಕೊನೆಯ ದಿನ.

ಪಿಟ್ಸ್‌ಬರ್ಗ್‌ನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಟಗಾರರ ಸಂಬಳದ ಲೆಕ್ಕವೆಲ್ಲ ಕೋರಿನ್ ವಾಸ್ಕೋಳದು. ಯಾರು ಇರಬೇಕು, ಯಾರು ಬೇಡ ಎಂಬ ತೀರ್ಮಾನ ಮ್ಯಾನೇಜರ್ ಗಿಲ್‌ನದು. ಒಂದು ತಂಡ ತನ್ನ ಆಟಗಾರರಿಗೆ ಒಟ್ಟು ಎಷ್ಟು ಸಂಬಳ ಕೊಡಬಹುದೆಂದು ಲೀಗು ಒಂದು ಮಿತಿ ಹಾಕಿದೆ. ಆ ಮಿತಿಗೆ ಎಲ್ಲರೂ ಟೋಪಿ ಎನ್ನುತ್ತಾರೆ. ಯಾರು ಯಾರಿಗೆ ಟೋಪಿ ಹಾಕುತ್ತಿದ್ದಾರೆ ಎಂದು ಹಿರಿಯ ಸ್ಕೌಟ್ ಬರ್ಟ್ ಡೊಂಬ್ರೋಸ್ಕಿ ಪ್ರತಿ ಬೇಸಿಗೆಯಲ್ಲೂ ಕೇಳಿ, ತಾನೇ ನಗುತ್ತಾನೆ. ಊರೂರು ಅಲೆದು ಆಟಗಾರರನ್ನು ಹುಡುಕುವುದು ಅವನ ಕೆಲಸ.

ಕಳೆದ ವಾರವೇ ಅವಳು ಎರಡು ಲೆಕ್ಕ ಮಾಡಿ ಗಿಲ್‌ನ ಮೇಜಿನ ಮೇಲಿಟ್ಟಿದ್ದಳು. ಒಂದು, ಓಡೆಲ್ ಇಲ್ಲದ ತಂಡ. ಅದರಲ್ಲಿ ಟೋಪಿಯ ಕೆಳಗೆ ಜಾಗ ಸಿಗುತ್ತದೆ. ಆ ಜಾಗದಲ್ಲಿ ಡೌಕಾಸ್ ಎಂಬ ಲಿಥುವೇನಿಯಾದ ಎತ್ತರದ ಸೆಂಟರ್ ಆಟಗಾರನನ್ನು ಕರೆತರಬಹುದು. ಗಿಲ್ ಹೋಗಿದ್ದು ಅವನ ಏಜೆಂಟನ ಜೊತೆ ಊಟಕ್ಕೆ. ಇನ್ನೊಂದು, ಓಡೆಲ್ ಇರುವ ತಂಡ. ಅದರಲ್ಲಿ ಜಾಗವಿಲ್ಲ, ಡೌಕಾಸ್ ಇಲ್ಲ. ಆದರೆ ಟೋಪಿ ಮೀರಿದ ತಂಡಗಳಿಗೂ ಲೀಗು ಒಂದು ಸಣ್ಣ ವಿನಾಯಿತಿ ಕೊಡುತ್ತದೆ. ಅದರಲ್ಲಿ ಒಬ್ಬ ಸಾಧಾರಣ ಸೆಂಟರ್ ಸಿಗುತ್ತಾನೆ. ಎರಡೂ ನಡೆಯುವ ಲೆಕ್ಕಗಳೇ. ಅದೇ ತೊಂದರೆ. ಒಂದು ಹುಚ್ಚು ಲೆಕ್ಕವಾಗಿದ್ದರೆ ಗಿಲ್ ಹೇಳಿದ್ದು ಇನ್ನೊಂದನ್ನೇ ಎಂದು ಗೊತ್ತಾಗುತ್ತಿತ್ತು.

ಓಡೆಲ್‌ನ ಬೆಲೆಯನ್ನೂ ಅವಳು ಕಟ್ಟಿದ್ದಳು. ವಯಸ್ಸು ಮೂವತ್ತನಾಲ್ಕು. ಎಡ ಮಂಡಿ ಕೆಟ್ಟಿದೆ. ಹೋದ ವರ್ಷ ಅರ್ಧ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂತಿದ್ದ. ಮಾರುಕಟ್ಟೆಯಲ್ಲಿ ಅವನಿಗೆ ನಾಲ್ಕು ಮಿಲಿಯನ್‌ಗಿಂತ ಹೆಚ್ಚು ಯಾರೂ ಕೊಡರು. ಆದರೆ ಅವನು ಅಂಕಣದಲ್ಲಿರುವಾಗ ಉಳಿದ ನಾಲ್ವರ ಅಂಕಗಳು ಏರುತ್ತವೆ, ಅವನು ಹೊರಗೆ ಬಂದರೆ ಇಳಿಯುತ್ತವೆ. ಯಾಕೆಂದು ಲೆಕ್ಕ ಹೇಳುವುದಿಲ್ಲ.

ಇಂಥ ಗೊಂದಲ ಅವಳಿಗೆ ಹೊಸದಲ್ಲ. ನವೆಂಬರ್‌ನಲ್ಲಿ ಆಸ್ಪತ್ರೆಯ ಡಾಕ್ಟರು ಹೊರಗೆ ಬಂದು "ಟೋಬಿನ್ ಹೋಗ್ಬಿಟ್ರಮ್ಮ" ಎಂದಾಗ ಅವಳು "ಎಲ್ಲಿಗೆ?" ಎಂದು ಕೇಳಿದ್ದಳು. ಗಂಡನನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಿರಬೇಕೆಂದುಕೊಂಡಿದ್ದಳು. ಆಮೇಲೆ ಮಾತುಗಳು ಹೀಗೆ ಆಗಾಗ ಅವಳ ಕೈಯಲ್ಲೇ ತಿರುಗಿಕೊಳ್ಳುತ್ತಿದ್ದವು. ಹದಿನೈದು ದಿನಕ್ಕೆ ಕೆಲಸಕ್ಕೆ ಮರಳಿದ್ದಳು. ಅಂಕಿಗಳಿಗೆ ಒಂದೇ ಅರ್ಥ.

ಅವಳು ಎದ್ದು ಬರ್ಟ್‌ನ ಕೋಣೆಗೆ ಹೋದಳು. ಅವನು ಆಲೂ ಫ್ರೈ ತುಂಬಿದ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಗಿಲ್ ಫೋನ್ ಮಾಡಿದ್ರು. ಓಡೆಲ್‌ನ ಬಿಟ್ಬಿಡು ಅಂದ್ರು."

"ಆಯ್ತಲ್ಲ. ಬಿಡು."

"ಬಿಡು ಅಂದ್ರೆ?"

ಬರ್ಟ್ ಅಗಿಯುವುದನ್ನು ನಿಲ್ಲಿಸಿದ. "ಬಿಡು ಅಂದ್ರೆ ಬಿಡು ತಾಯಿ. ಕಾನೂನು ಓದಿದೀಯ, ಕನ್ನಡಕ ಹಾಕಿದೀಯ, ನನ್ನನ್ನ ಕೇಳ್ತೀಯಲ್ಲ. ತೆಗೆದುಹಾಕು ಅಂತ. ಮಂಡಿ ಹೋಗಿರೋ ಮುದುಕನಿಗೆ ಹನ್ನೊಂದು ಮಿಲಿಯನ್ ಯಾರು ಕೊಡ್ತಾರೆ?"

"ತೆಗೆಯೋದಾದ್ರೆ 'ಕಾಗದ ಕಳಿಸು' ಅಂತಾರೆ ಗಿಲ್. ಯಾವಾಗ್ಲೂ."

"ಹೌದಾ?" ಬರ್ಟ್ ಯೋಚಿಸಿದ. "ಹೌದು. ನಾಲ್ಕು ಜನರನ್ನ ತೆಗೆದಾಗ್ಲೂ ಹಂಗೇ ಅಂದಿದ್ದ. ಆದ್ರೆ ನೋಡು, ಮುಟ್ಬೇಡ ಅನ್ನೋಕೆ ಫೋನ್ ಯಾಕೆ ಮಾಡ್ಬೇಕು? ಮುಟ್ಟದೇ ಇರೋಕೆ ಯಾರ ಅಪ್ಪಣೆ ಬೇಕು?"

"ನಾನೇ ಬೆಳಿಗ್ಗೆ ಕೇಳಿದ್ದೆ, ಓಡೆಲ್ ವಿಷಯ ಏನ್ ಮಾಡ್ಲಿ ಅಂತ ಮೆಸೇಜ್ ಹಾಕಿದ್ದೆ."

"ಥೂ, ಹಂಗಾದ್ರೆ ಎರಡೂ ಆಗುತ್ತೆ." ಬರ್ಟ್ ಸ್ಯಾಂಡ್‌ವಿಚ್ ಕೆಳಗಿಟ್ಟ. "ನೆಮ್ಮದಿಯಾಗಿ ತಿಂತಿದ್ದೆ ಕಣೆ. ಆ ಲೂಸಿಲ್‌ನ ಕೇಳು. ಗಿಲ್ ಸೀನಿದ್ರೂ ಅರ್ಥ ಹೇಳ್ತಾಳೆ ಅವಳು."

ಲೂಸಿಲ್ ಆಬರ್ನಾತಿ ಗಿಲ್‌ನ ಕಾರ್ಯದರ್ಶಿ. ಅವನು ಈ ತಂಡಕ್ಕೆ ಬರುವ ಮೊದಲಿನಿಂದಲೂ ಆ ಕುರ್ಚಿಯಲ್ಲಿ ಕೂತಿರುವವರು. ಕೋರಿನ್ ಹೇಳಿದ್ದನ್ನು ಕೇಳಿ ಅವರು ಒಂದು ಕ್ಷಣವೂ ತಡಮಾಡಲಿಲ್ಲ.

"ಮುಟ್ಬೇಡ ಅಂತ. ಇದರಲ್ಲೇನಿದೆ? ಆ ಕಾಫಿ ಮಿಷನ್ ಸೋರೋಕೆ ಶುರುವಾದಾಗ ಬದಲಾಯಿಸ್ಲಾ ಅಂತ ಕೇಳ್ದೆ. ಬಿಡು ಅಂದ. ಇವತ್ತಿಗೂ ಸೋರ್ತಾ ಇದೆ."

"ಖಂಡಿತಾನಾ?"

"ಖಂಡಿತ ಮಗಳೇ. ಆ ಮನುಷ್ಯ ಬಿಡು ಅಂದ್ರೆ..." ಲೂಸಿಲ್ ಅಲ್ಲಿಗೇ ನಿಂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಳೇ ಕೋಚ್ ನೆನಪಿದಾನಾ? ಅವನ ವಿಷಯಕ್ಕೂ ಬಿಡು ಅಂದಿದ್ದ. ನಾನು ಸುಮ್ಮನಾದೆ. ಆಮೇಲೆ ಒಂದಿನ ಕೋಚ್ ಬಂದು ಕಾಫಿ ಕುಡೀತಿದ್ರೆ ಗಿಲ್ ಹೌಹಾರಿಬಿಟ್ಟ. 'ಇವನನ್ನ ಬಿಡು ಅಂದಿರ್ಲಿಲ್ವಾ, ಇನ್ನೂ ಯಾಕಿದಾನೆ?' ಅಂತ ನನ್ನ ಮೇಲೆ ಕೂಗಾಡಿದ."

"ಹಂಗಾದ್ರೆ?"

"ಹಂಗಾದ್ರೆ ನಂಗೂ ಗೊತ್ತಿಲ್ಲ ಕಣೇ." ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. ಇಷ್ಟು ವರ್ಷ ಅರ್ಥವಾಗಿದೆ ಎಂದುಕೊಂಡಿದ್ದರಲ್ಲಿ ಇನ್ನೇನೇನು ತಪ್ಪಿರಬಹುದೆಂದು ಎಣಿಸುತ್ತಿರುವಂತಿತ್ತು.

ಲೀಗಿನ ಕಚೇರಿಗೆ ಫೋನ್ ಮಾಡಿದರೆ ಅಲ್ಲಿಯ ಯುವಕ ಬಹಳ ಸಭ್ಯವಾಗಿ ಉತ್ತರಿಸಿದ. ಗಡುವು ಮುಂದೆ ಹಾಕಲಾಗದು. ಒಮ್ಮೆ ಬಂದ ಪತ್ರ ವಾಪಸ್ ಪಡೆಯಲಾಗದು. ಬಾಯಿಮಾತಿಗೆ ಬೆಲೆ ಇಲ್ಲ. "ನಮಗೆ ಪತ್ರ ಬಂದ್ರೆ ಅವರಿಲ್ಲ ಮೇಡಂ. ಬರದಿದ್ರೆ ಇದಾರೆ. ಅಷ್ಟೇ." ಅವನಿಗೆ ಎಲ್ಲವೂ ಎಷ್ಟು ತಿಳಿಯಾಗಿದೆ ಎಂದು ಅವಳಿಗೆ ಅಸೂಯೆಯಾಯಿತು.

ತನ್ನ ಕೋಣೆಗೆ ಮರಳಿದಾಗ ಓಡೆಲ್ ಅಲ್ಲಿ ಕೂತಿದ್ದ. ಕುರ್ಚಿ ಅವನಿಗೆ ಚಿಕ್ಕದು. ಮಂಡಿಗಳು ಮೇಜಿಗಿಂತ ಎತ್ತರಕ್ಕೆ ಬಂದಿದ್ದವು. ಎಡ ಮಂಡಿಗೆ ಐಸಿನ ಚೀಲ ಕಟ್ಟಿಕೊಂಡಿದ್ದ. ಕೋರಿನ್ 'ಓಡೆಲ್, ಬಿಡು' ಎಂದು ಬರೆದಿದ್ದ ಹಾಳೆಯನ್ನು ಬೋರಲು ಹಾಕಿದಳು.

"ಏನ್ ಲೆಕ್ಕದಮ್ಮ, ಪರೀಕ್ಷೆ ಪೇಪರ್ ಮುಚ್ಚಿಟ್ಟ ಹಂಗೆ ಮುಚ್ತೀರಲ್ಲ." ಆಟಗಾರರೆಲ್ಲ ಅವಳನ್ನು ಕರೆಯುವುದು ಹಾಗೆಯೇ.

"ನೀವು ಇವತ್ತು ಇಲ್ಲಿಗೆ ಬರಬಾರದು, ಓಡೆಲ್."

"ಗೊತ್ತು. ನೀವು ಹೇಳೋ ಹಂಗಿಲ್ಲ, ನಾನು ಕೇಳೋ ಹಂಗಿಲ್ಲ. ಟೀಮ್ ಬಗ್ಗೆ ಕೇಳಲ್ಲ. ಮನೆ ಬಗ್ಗೆ ಕೇಳ್ತೀನಿ."

ಇಮಾನಿ ಅವನ ಮಗಳು. ಒಂಬತ್ತು ವರ್ಷ. ಕಿವಿ ಕೇಳಿಸದು. ತಾಯಿ ಇಲ್ಲದ ಮನೆಯಲ್ಲಿ ಅವಳು, ಅವನು, ಅವನ ಅಮ್ಮ. ಎರಡು ವರ್ಷದ ಹಿಂದೆ ಇಲ್ಲಿಯ ಕಿವುಡ ಮಕ್ಕಳ ಶಾಲೆಗೆ ಸೇರಿದ ಮೇಲೆ ಆ ಹುಡುಗಿಗೆ ಮೊದಲ ಸಲ ಗೆಳತಿಯರಾಗಿದ್ದರು. ಈಗಿರುವ ಮನೆಯ ಒಡೆಯ ಮನೆ ಮಾರುತ್ತಿದ್ದ. ಶಾಲೆಯಿಂದ ಎರಡು ಬೀದಿ ಆಚೆ ಮಿಸೆಸ್ ಕರಾಸ್ ಎಂಬ ಮುದುಕಿಯ ಮನೆ ಬಾಡಿಗೆಗೆ ಸಿಕ್ಕಿತ್ತು. ಮೆಟ್ಟಿಲಿಲ್ಲದ ಮನೆ, ಅವನ ಮಂಡಿಗೂ ಅಮ್ಮನ ಮಂಡಿಗೂ ಹೇಳಿ ಮಾಡಿಸಿದಂತಿತ್ತು. ತಂಡ ಅವನನ್ನು ಬಿಟ್ಟರೆ ಇನ್ಯಾವುದೋ ಊರಿನ ತಂಡ ಕರೆದಲ್ಲಿಗೆ ಮೂವರೂ ಹೋಗಬೇಕು. ಹುಡುಗಿ ಮತ್ತೆ ಮೊದಲಿನಿಂದ ಶುರುಮಾಡಬೇಕು.

"ಮುದುಕಿ ನಾಲ್ಕು ಗಂಟೆಗೆ ಉತ್ತರ ಹೇಳು ಅಂದಿದಾಳೆ," ಓಡೆಲ್ ಹೇಳಿದ. "ಬೇರೆ ಯಾರೋ ಕಾಯ್ತಿದಾರಂತೆ. ದುಡ್ಡಿನ ಮಾತಲ್ಲ, ದುಡ್ಡು ಸಾಕಷ್ಟು ಮಾಡಿದೀನಿ. ಇಮಾನಿಗೆ ಆ ಮನೇನ ತೋರಿಸಿಯಾಗಿದೆ. ಆಗಲೇ ಕಿಟಕಿ ಪಕ್ಕದ ಕೋಣೆ ನಂದು ಅಂತ ಅಜ್ಜಿ ಹತ್ರ ಜಗಳ ತೆಗೆದಿದಾಳೆ. ನಾವು ಇಲ್ಲಿ ಇರದೇ ಹೋದ್ರೆ ಈಗ ಆ ಮನೆಗೆ ಸೇರಿಸಿ ಆಮೇಲೆ ಬಿಡಿಸೋದು ಬೇಡ. ಬರೀ ಮನೆ ಮಾತು ಹೇಳಿ. ಸಹಿ ಹಾಕ್ಲಾ, ಬಿಡ್ಲಾ?"

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಐಸಿನ ಚೀಲದಿಂದ ನೀರು ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ತನಗೇ ಗೊತ್ತಿಲ್ಲ ಎಂದರೆ ಅದೂ ಒಂದು ಸುದ್ದಿಯೇ ಆಗುತ್ತದೆ. ಈ ಮಾತನ್ನು ಮುಂದುವರಿಸಬೇಡಿ ಎಂದು ಹೇಳಬೇಕಿತ್ತು.

"ಬಿಡಿ, ಓಡೆಲ್," ಎಂದಳು. "ದಯವಿಟ್ಟು. ಬಿಡಿ."

ಅವನು ಮೇಜು ಹಿಡಿದು ಎದ್ದ.

"ಸರಿ ಲೆಕ್ಕದಮ್ಮ. ಥ್ಯಾಂಕ್ಸ್. ನಿಮಗೂ ಕಷ್ಟಾನೇ."

ಯಾಕೆ ಥ್ಯಾಂಕ್ಸ್ ಹೇಳಿದನೆಂದು ಅವಳಿಗೆ ತಿಳಿಯಲಿಲ್ಲ. ಕೇಳುವ ಶಕ್ತಿಯೂ ಇರಲಿಲ್ಲ.

ಮಧ್ಯಾಹ್ನವೆಲ್ಲ ಅವಳು ಎರಡೂ ಲೆಕ್ಕದ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಳು. ಗಿಲ್‌ಗೆ ಕಳಿಸಿದ ಮೆಸೇಜುಗಳು ತಲುಪಲೇ ಇಲ್ಲ. ತಪ್ಪಾಗಿ ಉಳಿಸಿಕೊಂಡರೆ ಚಳಿಗಾಲದಲ್ಲಿ ಬೇರೆ ತಂಡದೊಂದಿಗೆ ಅದಲುಬದಲು ಮಾಡಬಹುದು. ತಪ್ಪಾಗಿ ಬಿಟ್ಟರೆ ಎರಡು ದಿನದಲ್ಲಿ ಯಾವುದೋ ತಂಡ ಎತ್ತಿಕೊಂಡು ಹೋಗುತ್ತದೆ, ಮುಗಿಯಿತು. ಆದ್ದರಿಂದ ಉಳಿಸಿಕೊಳ್ಳುವುದೇ ಜಾಣತನ. ಆದರೆ ಉಳಿಸಿಕೊಂಡರೆ ಡೌಕಾಸ್ ಸಿಗುವುದಿಲ್ಲ. ಡೌಕಾಸ್‌ಗಾಗಿಯೇ ತಂಡ ಒಂದು ವರ್ಷ ದೊಡ್ಡ ಆಟಗಾರರನ್ನು ತರದೆ ಸೋತು ಕೂತಿತ್ತು. ಆದ್ದರಿಂದ ಬಿಡುವುದೇ ಸರಿ. ಪ್ರತಿ ಸಲ 'ಆದ್ದರಿಂದ' ಎನ್ನುವ ಹೊತ್ತಿಗೆ ಅವಳು ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದಳು.

ಬರ್ಟ್ ಒಮ್ಮೆ ಬಾಗಿಲಲ್ಲಿ ತಲೆ ಹಾಕಿದ. "ನಾಣ್ಯ ಚಿಮ್ಮು ತಾಯಿ."

"ಚಿಮ್ಮಿದೆ."

"ಏನ್ ಬಂತು?"

"ಯಾವ ಕಡೆಗೆ ಯಾವ ಅರ್ಥ ಅಂತ ಮೊದಲು ಇಟ್ಕೊಂಡಿರ್ಲಿಲ್ಲ."

ಅವನು ನಗಲು ಹೊರಟವನು ಅವಳ ಮುಖ ನೋಡಿ ಬಾಗಿಲು ಎಳೆದುಕೊಂಡು ಹೋದ.

ಐದಕ್ಕೆ ಸ್ವಲ್ಪ ಮೊದಲು ಅವಳು ಪತ್ರವನ್ನು ಮತ್ತೆ ತೆರೆದಳು. ಬೆರಳು ಗುಂಡಿಯ ಮೇಲಿತ್ತು. ಕಿಟಕಿಯಾಚೆ ನದಿಯಲ್ಲಿ ಕಲ್ಲಿದ್ದಲಿನ ದೋಣಿಯೊಂದು ಸೇತುವೆಯ ಕೆಳಗೆ ಹಾಯುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ನೋಡಿ ಮುಗಿಯುವಷ್ಟರಲ್ಲಿ ಐದು ದಾಟಿತ್ತು. ಕಳಿಸಬಾರದೆಂದು ತಾನು ತೀರ್ಮಾನಿಸಿದಳೋ, ತೀರ್ಮಾನ ತನ್ನನ್ನು ಬಿಟ್ಟು ತಾನೇ ಆಗಿಹೋಯಿತೋ, ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ.

ಗಿಲ್ ಫೋನ್ ಮಾಡಿದಾಗ ಹಿಂದೆ ಮತ್ತೆ ವಿಮಾನ ನಿಲ್ದಾಣದ ಗದ್ದಲ. "ಮುಗೀತಾ?"

"ಮುಗೀತು."

"ಬಿಟ್ಯಾ?"

"ಬಿಟ್ಟೆ."

"ಭೇಷ್."

ಅಲ್ಲಿಗೇ ಫೋನ್ ಇಟ್ಟಿದ್ದರೆ ಗಿಲ್ ಸೀದಾ ಊಟಕ್ಕೆ ಹೋಗುತ್ತಿದ್ದ.

"ಗಿಲ್," ಎಂದಳು ಅವಳು, "ಓಡೆಲ್ ಟೀಮಲ್ಲೇ ಇದಾನೆ."

ಅತ್ತ ಸೂಟ್‌ಕೇಸುಗಳು ಬೆಲ್ಟಿನ ಮೇಲೆ ಬೀಳುವ ಸದ್ದು.

"ಹಂಗಾ," ಎಂದ ಗಿಲ್.

"ನೀವು ಹೇಳಿದ್ದು ತೆಗೆದುಹಾಕು ಅಂತಾನಾ?"

"ನಾನ್ ಏನಂದೆ?"

"ಓಡೆಲ್‌ನ ಬಿಟ್ಬಿಡು ಅಂದ್ರಿ."

"ಅಷ್ಟೇನಾ?" ಅವನ ದನಿಯಲ್ಲಿ ಕೋಪವಿರಲಿಲ್ಲ. ಬೇರೆ ಯಾರದೋ ಮಾತನ್ನು ತಿರುಗಿಸಿ ನೋಡುವವನಂತೆ ಮೆಲ್ಲಗೆ ಹೇಳಿಕೊಂಡ. "ಬಿಟ್ಬಿಡು. ಬಿಟ್ಬಿಡು. ನೋಡು ಕೋರಿನ್, ಗೇಟ್ ಹತ್ರ ನಿಂತಿದ್ದೆ. ತೆಗೀಬೇಕು ಅನ್ಕೊಂಡೆ. ಆಮೇಲೆ ಆ ಮಗು ನೆನಪಾಯ್ತು, ಬೇಡ ಅನ್ಕೊಂಡೆ. ಆಮೇಲೆ ಡೌಕಾಸ್. ಫೋನ್ ಮಾಡ್ವಾಗ ತಲೇಲಿ ಯಾವ್ದಿತ್ತು ಅಂತ ದೇವರಾಣೆ ನೆನಪಿಲ್ಲ. ನೀನು ಲೆಕ್ಕ ನೋಡಿದವಳು, ನಿಂಗೊತ್ತಿರುತ್ತೆ ಅಂತಿದ್ದೆ."

"ನೀವು ಹೇಳಿದ್ದು ನಂಗೆ ಹೆಂಗ್ ಗೊತ್ತಿರುತ್ತೆ?"

"ಅದೂ ನಿಜ." ಅವನು ಉಸಿರು ಬಿಟ್ಟ. "ಸರಿ. ಓಡೆಲ್ ಇರೋ ಹಾಳೆ ಕಳಿಸು. ಡೌಕಾಸ್ ಏಜೆಂಟ್‌ಗೆ ನಮಸ್ಕಾರ ಹೇಳಿ, ಆ ಸಣ್ಣ ದುಡ್ಡಿಗೆ ಯಾರಿದಾರೆ ನೋಡೋಣ. ನಾನು ಮೊದಲಿಂದ್ಲೂ ಹೇಳಿದ್ದು ಇದನ್ನೇ ಅಂತ ಊಟ ಮುಗಿಯೋ ಹೊತ್ತಿಗೆ ನಂಗೂ ನಂಬಿಕೆ ಬರುತ್ತೆ."

ಹಾಳೆ ಕಳಿಸಿ ಅವಳು ಕೆಳಗಿಳಿದಳು. ಓಡೆಲ್‌ಗೆ ತಾನೇ ಹೇಳಬೇಕೆನಿಸಿತು. ಆಟಗಾರರ ಕೋಣೆಯಲ್ಲಿ ಅವನು ಒಬ್ಬನೇ ಇದ್ದ. ತನ್ನ ಕಪಾಟಿನಿಂದ ಶೂಗಳನ್ನು ತೆಗೆದು ದೊಡ್ಡ ಚೀಲಕ್ಕೆ ತುಂಬುತ್ತಿದ್ದ. ಕಪಾಟಿನ ಬಾಗಿಲ ಮೇಲಿದ್ದ ಹೆಸರಿನ ಪಟ್ಟಿಯನ್ನೂ ಕಿತ್ತಿದ್ದ.

"ಏನ್ ಮಾಡ್ತಿದೀರಿ?"

"ಖಾಲಿ ಮಾಡ್ತಿದೀನಿ. ಬೆಳಿಗ್ಗೆ ಬೇರೆಯವರು ಬಂದು ಎತ್ತಿ ಬಿಸಾಕೋ ಮೊದ್ಲು. ಮುಂಚೆನೇ ಹೇಳಿ ಉಪಕಾರ ಮಾಡಿದ್ರಿ."

"ನಾನು ಏನ್ ಹೇಳ್ದೆ?"

"ಬಿಡಿ ಅಂದ್ರಲ್ಲ." ಅವನು ಬಗ್ಗಿ ಇನ್ನೊಂದು ಶೂ ಎತ್ತಿಕೊಂಡ. "ಮುದುಕಿಗೆ ಫೋನ್ ಮಾಡಿ ಬೇಡ ಅಂದೆ. ಇಮಾನಿಗೆ ಇನ್ನೂ ಹೇಳಿಲ್ಲ."

ಕೋರಿನ್ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು. ಇಡೀ ದಿನ ತಾನು ಬಿಡಿಸಲಾಗದ ಗಂಟನ್ನು ತನ್ನ ಬಾಯಾರೆ ಇನ್ನೊಬ್ಬನಿಗೆ ಹಾಕಿ ಕಳಿಸಿದ್ದಳು.

"ನಾನು ಆ ಮಾತು ಬಿಡಿ ಅಂದಿದ್ದು," ಎಂದಳು. "ಮನೇನ ಅಲ್ಲ."

ಅವನ ಕೈ ಶೂ ಹಿಡಿದಂತೆಯೇ ನಿಂತಿತು. "ಹಂಗಾದ್ರೆ ನನ್ನನ್ನ?"

"ನೀವು ಇದೀರಿ. ಐದು ಗಂಟೆ ದಾಟಿತು."

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ನಿಧಾನವಾಗಿ ಕೂತ. ಸಂತೋಷವೋ ಏನೋ ಅವನ ಮುಖದಿಂದ ತಿಳಿಯುತ್ತಿರಲಿಲ್ಲ. ಅವನಿಗೂ ಇನ್ನೂ ತಿಳಿದಿರಲಿಲ್ಲವೇನೋ.

"ಲೆಕ್ಕದಮ್ಮ, ನಿಜ ಹೇಳಿ. ಇಟ್ಕೊಂಡ್ರಾ, ಇಲ್ಲ ತೆಗೆಯೋಕೆ ಮರೆತ್ರಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ," ಎಂದಳು. "ಗಿಲ್ ಬಿಡು ಅಂದ್ರು. ಯಾವ ಬಿಡು ಅಂತ ಅವರಿಗೇ ಗೊತ್ತಿಲ್ಲ. ನಾನು ಪತ್ರ ಕಳಿಸ್ಲಿಲ್ಲ. ಯಾಕೆ ಕಳಿಸ್ಲಿಲ್ಲ ಅಂತ ನಂಗೂ ಸರಿಯಾಗಿ ಗೊತ್ತಿಲ್ಲ."

ಓಡೆಲ್ ಮಗಳ ಜೊತೆ ಸನ್ನೆಯಲ್ಲಿ ಮಾತಾಡುವಾಗಿನಂತೆ ಎರಡು ಕೈಗಳನ್ನೂ ಮುಂದೆ ಚಾಚಿದ. ಒಮ್ಮೆ ಮುಷ್ಟಿ ಬಿಚ್ಚಿ ಬೆರಳುಗಳನ್ನು ಹಾರಿಬಿಟ್ಟ. ಇನ್ನೊಮ್ಮೆ ಎರಡು ಅಂಗೈಗಳನ್ನೂ ಮೆತ್ತಗೆ ಕೆಳಗಿಟ್ಟ. "ಇಮಾನಿ ಕೈಯಲ್ಲಿ ಇವೆರಡೂ ಬೇರೆ ಬೇರೆ," ಎಂದ. "ನಮ್ಮ ಬಾಯಲ್ಲಿ ಮಾತ್ರ ಈ ಕರ್ಮ." ಆಮೇಲೆ ನಗು ತಡೆಯಲಾರದೆ ಹೋದ. "ಹನ್ನೊಂದು ಮಿಲಿಯನ್! ಮರೆತು ಕೊಟ್ರು. ಟೀಮ್ ಇದೆ, ಮನೆ ಇಲ್ಲ."

"ಮುದುಕಿಗೆ ಫೋನ್ ಮಾಡಿ," ಎಂದಳು ಕೋರಿನ್.

"ನಾಲ್ಕಕ್ಕೇ ಬೇರೆಯವರಿಗೆ ಕೊಟ್ಟಿರ್ತಾಳೆ."

"ಮಾಡಿ. ಈಗ್ಲೇ."

ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಬಹಳ ದಿನಗಳಿಂದ ಅವಳಿಗೆ ಏನೂ ಬೇಕೆನಿಸಿರಲಿಲ್ಲ. ಈಗ ಕಾಣದ ಒಂದು ಮನೆಯ ಕಿಟಕಿ ಪಕ್ಕದ ಕೋಣೆ ಇನ್ನೂ ಖಾಲಿ ಇರಬೇಕೆನಿಸಿತು.

ಓಡೆಲ್ ಫೋನನ್ನು ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟ. ಬಹಳ ಹೊತ್ತು ರಿಂಗಾಯಿತು.

"ಯಾರು?" ಎಂದಿತು ಮುದಿ ದನಿ.

"ಓಡೆಲ್, ಮಿಸೆಸ್ ಕರಾಸ್. ಓಡೆಲ್ ಪ್ರೂಯಿಟ್. ಮನೆ ಬೇಡ ಅಂದಿದ್ನಲ್ಲ, ಆ ಓಡೆಲ್."

"ಬೇಡ ಅಂದ್ಯಲ್ಲ. ಮತ್ತೇನು?"

"ಬೇಕು."

"ಬೇಕಾ, ಬೇಡ್ವಾ? ಏಳಕ್ಕೆ ಇನ್ನೊಬ್ಬರು ನೋಡೋಕೆ ಬರ್ತಿದಾರೆ. ಒಂದ್ ಮಾತು ಹೇಳಪ್ಪ, ಎರಡು ಹೇಳ್ಬೇಡ."

"ಬೇಕು," ಎಂದ ಓಡೆಲ್. ಕೋರಿನ್ ಆಗಲೇ ಎದ್ದು ಅವನ ಚೀಲದಿಂದ ಶೂಗಳನ್ನು ತೆಗೆದು ಕಪಾಟಿನೊಳಗೆ ಜೋಡಿಸುತ್ತಿದ್ದಳು, ಎಡಗಾಲಿನದು ಯಾವುದು ಬಲಗಾಲಿನದು ಯಾವುದು ಎಂದು ನೋಡದೆ.